ಹನ್ನೆರಡನೇ ಬಾಗಿಲ ಗೂಬೆ

ಅನರ್ಥಕ್ಕೆಲ್ಲ ಮೂಲ ನಾಲ್ಕು ಬೆರಳೆತ್ತರದ ಒಂದು ಪ್ಲಾಸ್ಟಿಕ್ ಗೂಬೆ. ಅದು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಸಿಗದ್ದರ ಮೇಲೆ ಆಸೆ ಹುಟ್ಟುವುದು ಲೋಕಾರೂಢಿ. ಆದರೆ ಮೂಲೆಯಪ್ಪನ ಮನೆಯಲ್ಲಿ ಆ ಆಸೆ ಹುಟ್ಟಿದ್ದು ಅವನ ಅತ್ತೆಗೆ, ಅರವತ್ತೆಂಟನೇ ವಯಸ್ಸಿನಲ್ಲಿ.

ಅತ್ತೆ ನಿವೃತ್ತ ಹೆಡ್‌ಮಿಸ್. ಮಂಡಿಯ ಆಪರೇಷನ್ ಆದ ಮೇಲೆ ಮೂರು ವಾರ ಇದ್ದು ಹೋಗುತ್ತೇನೆಂದು ಬಂದವರು. ಪಾಪ, ಬೇಜಾರು ಕಳೆಯಲಿ ಎಂದು ಮೂಲೆಯಪ್ಪನೇ ತನ್ನ ಕೈಯಾರೆ ಟಿವಿಗೆ ಒಂದು ವಿಡಿಯೋ ಗೇಮ್ ಜೋಡಿಸಿಕೊಟ್ಟ. ಅದರಲ್ಲೊಂದು ಕೋಟೆ, ಕೋಟೆಗೆ ಹನ್ನೆರಡು ಬಾಗಿಲು. ಒಂದೊಂದು ಬಾಗಿಲಿಗೂ ಒಂದೊಂದು ಗೊಂಬೆಯನ್ನು ಅಂಗಡಿಯಿಂದ ಕೊಂಡು ತರಬೇಕು. ಗೊಂಬೆಯನ್ನು ಗೇಮಿನ ಜೊತೆ ಬಂದ ತಟ್ಟೆಯ ಮೇಲೆ ನಿಲ್ಲಿಸಿದರೆ ಪರದೆಯಲ್ಲಿ ಆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ತಲೆ ಚಚ್ಚಿಕೊಂಡರೂ ತೆರೆಯುವುದಿಲ್ಲ. ನರಿ, ಆಮೆ, ಮುಳ್ಳುಹಂದಿ ಎಂದು ಹನ್ನೊಂದು ಗೊಂಬೆಗಳು ಆಗಲೇ ಟಿವಿಯ ಕೆಳಗೆ ಸಾಲಾಗಿ ನಿಂತಿದ್ದವು. ಹನ್ನೆರಡನೆಯದು ಗೂಬೆ.

"ಹಿಡಿದ ಪಾಠ ಮುಗಿಸದೆ ನಾನು ಯಾವತ್ತೂ ಕ್ಲಾಸಿಂದ ಎದ್ದೋಳಲ್ಲ," ಎಂದು ಅತ್ತೆ ಘೋಷಿಸಿದ್ದರು. "ಆ ಬಾಗಿಲು ತೆಗೀದೆ ಈ ಬಾಗಿಲು ದಾಟಲ್ಲ."

ಅದಾಗಿ ಏಳು ತಿಂಗಳು. ಆ ಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಮಂಚ, ಒಂದು ಟಿವಿ. ಮೂರೂ ಅತ್ತೆಯ ವಶವಾಗಿದ್ದವು. ಹೆಂಡತಿ ಅಮ್ಮನ ಪಕ್ಕದಲ್ಲಿ, ಮೂಲೆಯಪ್ಪ ಅಡುಗೆಮನೆಯಲ್ಲಿ ಸಿಲಿಂಡರಿಗೂ ಸಿಂಕಿಗೂ ನಡುವೆ ಕಾಲು ಮಡಚಿಕೊಂಡು. ಅವನು ಕೋಟೆ ಕೇಳಲಿಲ್ಲ, ಕೊತ್ತಲ ಕೇಳಲಿಲ್ಲ. ತನ್ನ ಮಂಚದ ಮೇಲೆ ಒಂದು ಸಲ ಕಾಲು ಚಾಚಬೇಕು, ಅಷ್ಟೇ.

ಮೂಲೆಯಪ್ಪ ಎನ್ನುವುದು ಗೋದಾಮಿನವರು ಇಟ್ಟ ಹೆಸರು. ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಮಾತ್ರ ಗೊತ್ತು. ಲಾರಿಯಿಂದ ಇಳಿದ ರಟ್ಟಿನ ಪೆಟ್ಟಿಗೆಗಳ ಮೂಲೆ ಒತ್ತಿ ನೋಡುವುದು ಅವನ ಕೆಲಸ. ಮೂಲೆ ನೆಟ್ಟಗಿದ್ದರೆ ಹಸಿರು ಮುದ್ರೆ, ಸರಕು ಅಂಗಡಿಗೆ ಹೋಗುತ್ತದೆ. ಒಂದು ಬೆರಳಿನಷ್ಟು ತಗ್ಗಿದ್ದರೆ ಕೆಂಪು ಮುದ್ರೆ, ಹಿತ್ತಲಿನ ಯಂತ್ರಕ್ಕೆ ಬಿದ್ದು ಪುಡಿಯಾಗುತ್ತದೆ. ಪೆಟ್ಟಿಗೆಯ ಮೇಲೆ ಒಂದು ನಂಬರು ಬಿಟ್ಟರೆ ಬೇರೇನೂ ಇರುವುದಿಲ್ಲ. ಒಳಗೆ ಸೋಪಿದೆಯೋ ಚಪ್ಪಲಿಯಿದೆಯೋ ಅವನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿದವನಲ್ಲ. "ಒಳಗೇನಿದೆ ಅಂತ ಕೇಳಿದ ದಿನ ಪರೀಕ್ಷಕನ ಕೈ ಸಡಿಲ ಆಗುತ್ತೆ," ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಆ ದಿನ ಬೆಳಗ್ಗೆ ಅವನು ತಿಂಡಿಗೆ ಕೂತಿದ್ದಾಗ ಮಹಡಿಯ ಮೇಲಿಂದ ನಿವೃತ್ತ ಬಸ್ ಕಂಡಕ್ಟರು ಕೂಗಿದರು. ಬೀದಿಯ ಸುದ್ದಿಗೆಲ್ಲ ಸೀಟಿ ಊದುವವರು ಅವರೇ.

"ಮೂಲೆಯಪ್ಪನವರೇ! ಗೂಬೆ ಬರ್ತಿದೆಯಂತೆ ಕಣ್ರೀ! ಬಸ್ ಸ್ಟ್ಯಾಂಡ್ ಹತ್ರದ ಆಟದ ಸಾಮಾನಿನ ಅಂಗಡೀಗೆ, ಹನ್ನೊಂದು ಗಂಟೆಗೆ. ಹತ್ತಕ್ಕೇ ಹೋಗಿ ಕ್ಯೂ ಹಿಡೀರಿ. ಯಾರಿಗೂ ತಪ್ಪಿಹೋಗ್ಬಾರ್ದು ಅಂತ ಇಡೀ ಬೀದಿಗೆ ಹೇಳ್ಬಿಟ್ಟಿದೀನಿ!"

ಉಪಕಾರ ಮಾಡುವವರು ಹೀಗೇ. ಮೂಲೆಯಪ್ಪ ತಟ್ಟೆ ಬಿಟ್ಟು ಎದ್ದ.

"ರೀ, ಅರ್ಧಕ್ಕೇ ಎದ್ರಲ್ಲ," ಎಂದಳು ಹೆಂಡತಿ.

"ಇವತ್ತು ಗೂಬೆ ತರದೆ ಈ ಮನೆಗೆ ಕಾಲಿಡಲ್ಲ," ಎಂದು ಅವನು ಚಪ್ಪಲಿ ಮೆಟ್ಟಿದ. ಕೋಣೆಯೊಳಗಿಂದ ಅತ್ತೆ ಕತ್ತೆತ್ತಿ ಅವನನ್ನೇ ನೋಡಿದರು.

ಗೋದಾಮಿನಲ್ಲಿ ಆಗಲೇ ಲಾರಿ ಬಂದು ನಿಂತಿತ್ತು. ನಾಲ್ಕುನೂರ ಏಳನೇ ನಂಬರಿನ ಸರಕು, ನಲವತ್ತು ಪೆಟ್ಟಿಗೆ. ಒಂದೊಂದನ್ನೇ ಒತ್ತುತ್ತ ಕೂತರೆ ಮಧ್ಯಾಹ್ನ ಆಗುತ್ತಿತ್ತು. ಆದರೆ ಒಂದು ನಿಯಮವಿತ್ತು: ಮೊದಲ ಮೂರು ಪೆಟ್ಟಿಗೆಯ ಮೂಲೆ ತಗ್ಗಿದ್ದರೆ ಸರಕಿಗೆ ಸರಕೇ ರದ್ದು. ಮೊದಲನೆಯದು ನಿಜಕ್ಕೂ ತಗ್ಗಿತ್ತು. ಎರಡನೆಯದು ತಗ್ಗಿದೆ ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಮೂರನೆಯದರ ಮೂಲೆ ಮೊದಲೇ ತಗ್ಗಿತ್ತೋ, ಅವನ ಹೆಬ್ಬೆರಳು ಬಿದ್ದ ರಭಸಕ್ಕೆ ತಗ್ಗಿತೋ, ಅದು ಅವನ ಆತ್ಮಸಾಕ್ಷಿಗೇ ಬಿಟ್ಟದ್ದು.

"ಒಂದ್ಸಲ ಬಿಚ್ಚಿ ನೋಡಿ ಸಾರ್, ಒಳಗೆ ಮಾಲು ಚೆನ್ನಾಗೇ ಇರುತ್ತೆ," ಎಂದ ಹಮಾಲಿ.

"ನಿಯಮ ಅಂದ್ರೆ ನಿಯಮ," ಎಂದು ಮೂಲೆಯಪ್ಪ ನಲವತ್ತಕ್ಕೂ ಪಟಪಟನೆ ಕೆಂಪು ಮುದ್ರೆ ಒತ್ತಿದ. ತಪಾಸಣೆಗೆ ಬಂದಿದ್ದ ಹೆಡ್ಡಾಫೀಸಿನ ಸಾಹೇಬರು ಹಿಂದೆ ನಿಂತು ಮೆಚ್ಚುಗೆಯಿಂದ ತಲೆಯಾಡಿಸಿದರು. ಒಂಬತ್ತೂ ಮುಕ್ಕಾಲಿಗೆ ಅವನು ಅರ್ಧ ದಿನದ ರಜೆ ಬರೆದು ಓಡಿದ.

ಅಂಗಡಿಯ ಮುಂದೆ ಅವನ ಬೀದಿಗೆ ಬೀದಿಯೇ ನಿಂತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಅಂಗಡಿಯವನು ಷಟರ್ ಅರ್ಧ ಎಳೆದು ಅದರ ಕೆಳಗಿಂದ ತಲೆ ಹಾಕಿದ.

"ಮನೆಗೆ ಹೋಗ್ರಪ್ಪ. ಮಾಲು ಬರಲ್ಲ. ದಾರೀಲಿ ಯಾರೋ ತಡೆದಿದಾರಂತೆ."

ಕ್ಯೂ ಒಮ್ಮೆಲೇ ಕೆರಳಿತು. ಆ ಯಾರೋ ಒಬ್ಬನಿಗೆ ಬೈಗುಳದ ಮಳೆ ಸುರಿಯಿತು. ಎಲ್ಲರಿಗಿಂತ ಗಟ್ಟಿ ದನಿ ಮೂಲೆಯಪ್ಪನದು. ಏಳು ತಿಂಗಳ ಮೊಣಕಾಲ ನೋವೆಲ್ಲ ಗಂಟಲಿಗೆ ಬಂದಿತ್ತು.

"ಅಂಥೋನಿಗೆ ಜನ್ಮದಲ್ಲಿ ಕಾಲು ಚಾಚೋಕೆ ಜಾಗ ಸಿಗದೇ ಹೋಗ್ಲಿ!"

"ಸರಿಯಾಗಿ ಹೇಳಿದ್ರಿ!" ಎಂದು ಕಂಡಕ್ಟರು ಅವನ ಬೆನ್ನು ತಟ್ಟಿದರು. ಆಮೇಲೆ ಕಿವಿಯಲ್ಲಿ, "ಬನ್ನಿ ನನ್ಜೊತೆ. ಸಂದಿಯಲ್ಲಿರೋ ಕಟಿಂಗ್ ಶಾಪಲ್ಲಿ ಒಂದು ಗೂಬೆ ಇದೆ, ನಾನೇ ಕಣ್ಣಾರೆ ನೋಡಿದೀನಿ."

ನಿಜ, ಕ್ಷೌರಿಕನ ಕನ್ನಡಿಯ ಮೇಲೆ ಗೂಬೆ ಕೂತಿತ್ತು. ನಾಲ್ಕು ಬೆರಳೆತ್ತರ, ಅದೇ ಬಣ್ಣ.

"ಮಾರಲ್ಲ," ಎಂದ ಕ್ಷೌರಿಕ. "ಆದ್ರೆ ಒಂದು ಹೊಸ ಸ್ಟೈಲು ಕಲ್ತಿದೀನಿ, ಯಾರೂ ತಲೆ ಕೊಡ್ತಿಲ್ಲ. ನೀವು ಕೊಟ್ರೆ ಗೂಬೆ ಕೊಡ್ತೀನಿ."

ಮೂಲೆಯಪ್ಪ ತಲೆ ಕೊಟ್ಟ. ಮುಕ್ಕಾಲು ಗಂಟೆಯ ಮೇಲೆ ಕನ್ನಡಿ ನೋಡಿದರೆ ಬಲಗಡೆ ಬೋಳು, ಎಡಗಡೆ ಪೊದೆ, ನಡುವೆ ಉಳುಮೆ ಮಾಡಿದಂತೆ ಮೂರು ಗೆರೆ. ಆದರೇನು, ಗೂಬೆ ಕೈಗೆ ಬಂತು. ಅಭ್ಯಾಸಬಲದಿಂದ ತಿರುಗಿಸಿ ಅಂಚು ಒತ್ತಿ ನೋಡಿದ. ಬುಡದಲ್ಲೊಂದು ತೂತು, ತೂತಿನೊಳಗೆ ಸಣ್ಣ ಬ್ಲೇಡು.

"ಪೆನ್ಸಿಲ್ ಚೂಪು ಮಾಡೋದಲ್ವಾ ಇದು?" ಎಂದರು ಕಂಡಕ್ಟರು. "ದೂರದಿಂದ ಅದೇ ಥರ ಕಾಣ್ತಿತ್ತು ನೋಡಿ."

ಮಧ್ಯಾಹ್ನ ಗೋದಾಮಿಗೆ ಹೋದರೆ ಹಮಾಲಿಗಳು ಅವನ ತಲೆ ನೋಡಿ ಮೂಟೆ ಕೆಳಗೆ ಹಾಕಿ ನಕ್ಕರು. ಮ್ಯಾನೇಜರು ಮಾತ್ರ ನಗಲಿಲ್ಲ. ಎದ್ದು ಬಂದು ಕೈ ಕುಲುಕಿ, ಅಂಟಿಸಿದ ದಪ್ಪ ಲಕೋಟೆಯೊಂದನ್ನು ಕೊಟ್ಟರು. "ಹೆಡ್ಡಾಫೀಸಿನ ಸಾಹೇಬರೇ ಬರೆದಿದ್ದು ಕಣ್ರೀ, ಪ್ರಶಂಸಾ ಪತ್ರ. ಬೆಳಗ್ಗೆ ನಿಮ್ಮ ಕೆಲಸ ನೋಡಿ ಬೆರಗಾಗಿಹೋದ್ರು."

ಮೂಲೆಯಪ್ಪ ಲಕೋಟೆಯ ನಾಲ್ಕೂ ಮೂಲೆ ಒತ್ತಿ ನೋಡಿದ. ನೆಟ್ಟಗಿದ್ದವು. ಒಳಗೇನಿದೆ ಎಂದು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಗೂಬೆ ಸಿಗದಿದ್ದರೇನು, ಮರ್ಯಾದೆಯಾದರೂ ಸಿಕ್ಕಿತಲ್ಲ ಎಂದು ಜೇಬಿಗಿಟ್ಟುಕೊಂಡ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಅತ್ತೆಯ ಟ್ರಂಕು! ಅತ್ತೆ ಹೊರಡುವ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಟಿವಿ ಆರಿತ್ತು. ಕಂಡಕ್ಟರು ಆಗಲೇ ಬೀಳ್ಕೊಡಲು ಬಂದು ನಿಂತಿದ್ದರು.

"ಬನ್ನಿ ಅಳಿಯಂದ್ರೇ," ಎಂದರು ಅತ್ತೆ. ಅವನ ತಲೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ನನ್ನ ಹುಚ್ಚಿಗೆ ಏನೆಲ್ಲ ಪಡಬೇಕಾಯ್ತು ನೀವು! ಬೆಳಗ್ಗೆ ತಿಂಡಿ ಬಿಟ್ಟು ಎದ್ದು ಹೋದ್ರಲ್ಲ, ಆವಾಗ್ಲೇ ನನಗೆ ನಾಚಿಕೆ ಆಯ್ತು. ಒಂದು ಗೂಬೆಗೋಸ್ಕರ ಮಕ್ಕಳ ಮಂಚ ಹಿಡ್ಕೊಂಡು ಕೂರೋದಾ? ಮಗನಿಗೆ ಫೋನ್ ಮಾಡಿದೀನಿ. ಇನ್ನೇನು ಕಾರು ತರ್ತಾನೆ."

ಮೂಲೆಯಪ್ಪನಿಗೆ ಕಣ್ಣು ತುಂಬಿ ಬಂತು. ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಕೋಣೆಯೊಳಗೆ ಮಂಚ ಖಾಲಿ ಬಿದ್ದಿತ್ತು. ಹೆಡ್‌ಮಿಸ್ ಆಗಿದ್ದವರು ಹೋಗುವ ಮುನ್ನ ಅಳಿಯನ ಯೋಗ್ಯತೆಯನ್ನೂ ನೋಡಲಿ ಎಂದು ಅವನು ಲಕೋಟೆ ತೆಗೆದು ಅವರ ಕೈಗಿಟ್ಟ.

"ನೀವೇ ಓದಿ ಅತ್ತೆ. ಎಲ್ರಿಗೂ ಕೇಳೋ ಹಾಗೆ."

ಅತ್ತೆ ಕನ್ನಡಕ ಏರಿಸಿ, ಬೆಳಗಿನ ಪ್ರಾರ್ಥನೆಯ ಸಾಲಿಗೆ ಓದುವ ದನಿಯಲ್ಲಿ ಓದಿದರು. "ತಾವು ಇಂದು ಯಾವ ದಾಕ್ಷಿಣ್ಯಕ್ಕೂ ಒಳಗಾಗದೆ ನಾಲ್ಕುನೂರ ಏಳನೇ ಸರಕನ್ನು, ಅಂದರೆ..."

ಅಲ್ಲಿ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಅಂದರೆ ಅತಿ ಬೇಡಿಕೆಯಿರುವ ಹನ್ನೆರಡನೇ ಬಾಗಿಲ ಗೂಬೆಯ ಒಂಬೈನೂರ ಅರವತ್ತು ಗೊಂಬೆಗಳನ್ನು ತಿರಸ್ಕರಿಸಿ ಪುಡಿ ಮಾಡಿಸಿದ್ದೀರಿ. ಮುಂದಿನ ಸರಕು ಬರಲು ಒಂದು ವರ್ಷ ಹಿಡಿಯುವುದಾದರೂ, ತಮ್ಮ ಈ ನಿಷ್ಠೆ..."

ಮುಂದಕ್ಕೆ ಓದಲಿಲ್ಲ. ಕಂಡಕ್ಟರು ಬಾಯಿಗೆ ಕೈ ಇಟ್ಟುಕೊಂಡರು. ಮೂಲೆಯಪ್ಪನ ಹೆಬ್ಬೆರಳು ತಾನಾಗಿ ಅಂಗೈಯೊಳಗೆ ಅಡಗಿತು. ಯಾರ ಮೇಲೂ ಗೂಬೆ ಕೂರಿಸುವ ಹಾಗಿರಲಿಲ್ಲ.

ಅತ್ತೆ ಕಾಗದವನ್ನು ನೀಟಾಗಿ ಮಡಚಿ ಟಿವಿಯ ಕೆಳಗೆ, ಮುಳ್ಳುಹಂದಿಯ ಪಕ್ಕ, ಗೂಬೆಗೆಂದು ಬಿಟ್ಟಿದ್ದ ಜಾಗದಲ್ಲಿ ನಿಲ್ಲಿಸಿದರು.

"ಟ್ರಂಕು ಬಿಚ್ಚೇ," ಎಂದರು ಮಗಳಿಗೆ. "ಅಣ್ಣನಿಗೆ ಫೋನ್ ಮಾಡಿ ಕಾರು ಬೇಡ ಅನ್ನು. ಒಂದು ವರ್ಷ ತಾನೇ, ಕಾಯ್ತೀನಿ."

ಕಂಡಕ್ಟರು ಹೋಗುತ್ತ ಹೋಗುತ್ತ ಹೊಸಿಲಲ್ಲಿ ತಿರುಗಿ ನಿಂತರು. "ಮೂಲೆಯಪ್ಪನವರೇ, ಮಧ್ಯಾಹ್ನ ಕ್ಯೂನಲ್ಲಿ ಏನೋ ಶಾಪ ಹಾಕಿದ್ರಲ್ಲ, ಏನದು?"

ಮೂಲೆಯಪ್ಪ ಚಾಪೆ ಎತ್ತಿಕೊಂಡು ಅಡುಗೆಮನೆಗೆ ನಡೆದ.