ಹುಲ್ಲಿನ ಕೆಳಗೆ ಭಾವ

ಆ ಭಾನುವಾರ ಕಾಫಿ ಲೋಟ ಕೆಳಗಿಟ್ಟವನೇ ಘೋಷಿಸಿದೆ: "ಇವತ್ತು ನಮ್ಮ ಲಾನಿಗೆ ಉಸಿರು ಕೊಡ್ತೀನಿ!"

"ಮೊದಲು ಬಚ್ಚಲಿನ ನಲ್ಲಿ ರಿಪೇರಿ ಮಾಡಿ," ಎಂದಳು ನನ್ನವಳು.

ಮಹತ್ಕಾರ್ಯಕ್ಕೆ ಹೊರಟವರು ನಲ್ಲಿಗೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ? ಮನೆಮುಂದಿನ ಹುಲ್ಲುಹಾಸು ತುಳಿದು ತುಳಿದು ಗಟ್ಟಿಯಾಗಿ, ನನ್ನ ನೆತ್ತಿಯ ಹಾಗೆ ಅಲ್ಲಲ್ಲಿ ಬೋಳಾಗಿತ್ತು. ಮಣ್ಣಿಗೆ ತೂತು ಕೊರೆದರೆ ಗಾಳಿಯಾಡುತ್ತದೆ, ನೀರು ಇಳಿಯುತ್ತದೆ, ಬೇರು ಹುಷಾರಾಗುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದು ಅರ್ಧ ಪುಟ, ಬಂದ ಆತ್ಮವಿಶ್ವಾಸ ಪ್ರೊಫೆಸರರದು! ಒಣಹುಲ್ಲನ್ನೆಲ್ಲ ಬಾಚಿ ಮೆಟ್ಟಿಲ ಪಕ್ಕ ಗುಡ್ಡೆ ಹಾಕಿ, ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕ್ ಹಿಡಿದು ಶುರುಮಾಡಿದೆ. ಚುಚ್ಚು, ಅಲ್ಲಾಡಿಸು, ಕೀಳು, ಹಿಂದೆ ಸರಿ!

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಇಣುಕಿದರು. "ಇಷ್ಟೊಂದು ತೂತು ನಾನು ಇಡೀ ಸರ್ವಿಸಲ್ಲಿ ಕೊರೆದಿಲ್ಲ ಕಣ್ರೀ!"

"ನಿಮ್ಮ ಪೇಷೆಂಟುಗಳು ಕಿರುಚ್ತಾರೆ. ನನ್ನ ಪೇಷೆಂಟ್ ನೋಡಿ, ತುಟಿಪಿಟಕ್ ಅಂತಿಲ್ಲ!"

ನಡುವೆ ಒಂದು ಕಡೆ ಫೋರ್ಕು 'ಟಕ್' ಎಂದು ನಿಂತಿತು. ಕಲ್ಲಿರಬೇಕು. ನಾನು ಬಿಡುವವನೇ? ಎರಡೂ ಕಾಲಿಟ್ಟು ಮೈಭಾರವೆಲ್ಲ ಹಾಕಿದೆ. 'ಲಟಕ್' ಎಂದು ಒಳಗಿಳಿಯಿತು. ಮೀಸೆ ತಿರುವಿಕೊಂಡು ಮುಂದುವರಿದೆ.

ಕೆಲಸ ಮುಗಿಯುವ ಹೊತ್ತಿಗೆ ನನ್ನವಳು ಸೊಪ್ಪಿನ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ರೀ, ಅಣ್ಣ ಎಲ್ಲಿ?"

ಅಣ್ಣ ಎಂದರೆ ಆಮೆ. ಅವಳು ಹುಟ್ಟುವ ಮೊದಲೇ ಮಾವನವರು ಸಾಕಿದ್ದ, ಮದುವೆಯಾದ ಮೇಲೆ ಅವಳ ಜೊತೆಗೇ ನಮ್ಮ ಮನೆಗೆ ಬಂದ ಆಮೆ. ಅವಳಿಗೆ ಅಣ್ಣನಾದ ಮೇಲೆ ನನಗೆ ಭಾವ! ಏಕವಚನದಲ್ಲಿ ಕರೆದರೆ ಆ ದಿನ ನನಗೆ ಊಟವಿಲ್ಲ. ಚಳಿ ಶುರುವಾಯಿತೆಂದರೆ ಭಾವನವರು ಹೇಳದೆ ಕೇಳದೆ ಮಣ್ಣು ತೋಡಿಕೊಂಡು ಮಲಗಿಬಿಡುತ್ತಾರೆ. ಎಲ್ಲಿ? ಇದೇ ಲಾನಿನಲ್ಲಿ! ಈ ವಾರವಷ್ಟೇ ಚಳಿ ಶುರುವಾಗಿತ್ತು.

ಕಿವಿಯಲ್ಲಿ ಮತ್ತೆ 'ಲಟಕ್' ಎಂದಿತು. ಫೋರ್ಕನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ಇಲ್ಲೇ... ಎಲ್ಲೋ ಇರ್ತಾರೆ ಬಿಡೇ."

"ಇನ್ನೇನು ಅಪ್ಪ ಬಂದುಬಿಡ್ತಾರೆ. ಅವರು ಬರೋದು ನನ್ನ ನೋಡೋಕಲ್ಲ, ಅವನ್ನ ನೋಡೋಕೆ. ಹುಡುಕಿಡಿ."

ಅವಳು ಒಳಗೆ ಹೋದಳೋ ಇಲ್ಲವೋ, ಮಂಡಿಯೂರಿ ಕುಳಿತೆ. 'ಲಟಕ್' ಎಂದ ತೂತು ಯಾವುದು? ಎಲ್ಲ ತೂತೂ ಒಂದೇ ಥರ! ಒಂದೊಂದಕ್ಕೂ ಬಾಯಿಟ್ಟು "ಭಾವಾ... ಭಾವಾ..." ಎಂದು ಕರೆದೆ. ಕಿವಿಯಿಟ್ಟು ಕೇಳಿದೆ. ಫೋರ್ಕ್ ಮುಟ್ಟಲು ಧೈರ್ಯವಾಗದೆ ಬರಿಗೈಯಲ್ಲೇ ಬಗೆದೆ. ಹುಲ್ಲು ಬೇರುಸಮೇತ ಎದ್ದು ಬಂತು.

"ಏನ್ರೀ, ಪೇಷೆಂಟ್ ಮಾತಾಡ್ತಾ?" ಡಾಕ್ಟರ ತಲೆ ಮತ್ತೆ ಕಾಂಪೌಂಡಿನ ಮೇಲೆ!

ನಗು ಬರಲಿಲ್ಲ. ದಿನಾ ಬೆಳಿಗ್ಗೆ ನನ್ನ ಚಪ್ಪಲಿಯ ಮೇಲೆ ಗಲ್ಲವಿಟ್ಟು ಬಿಸಿಲು ಕಾಯುತ್ತಿದ್ದ ಪ್ರಾಣಿ ಅದು. ಅರ್ಧ ಲಾನು ಅಗೆದಾಗ ಬೆರಳಿಗೆ ಏನೋ ತಗುಲಿತು. ಉಬ್ಬಿದ, ಒರಟಾದ, ಗಟ್ಟಿಯಾದ ಬೆನ್ನು. ನಡುವೆ ತೂತು! ಕಣ್ಣು ಮುಚ್ಚಿಕೊಂಡೆ. ಗೇಟು ಕಿರ್ರೆಂದಿದ್ದೂ ಆಗಲೇ.

"ಏನಪ್ಪಾ, ನಿಧಿ ಸಿಕ್ತಾ?" ಮಾವನವರ ದನಿ.

"ಮಾವ, ಕ್ಷಮಿಸಿಬಿಡಿ! ನಿಮ್ಮ ಮಗನ್ನ ನಾನೇ ಚುಚ್ಚಿ ಕೊಂದುಬಿಟ್ಟೆ!"

ಬಾಗಿಲಲ್ಲಿ ಸೊಪ್ಪಿನ ತಟ್ಟೆ ಢಣ್ ಎಂದು ಬಿತ್ತು. ಮಾವನವರು ಬಗ್ಗಿದರು. ಗುಂಡಿಯೊಳಗಿನದನ್ನು ಎತ್ತಿದರು. ಮಣ್ಣು ಒರೆಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಹಕ್ಕಿಗೆ ನೀರಿಡೋಕೆ ನಾನು ಕೊಟ್ಟಿದ್ದ ಮಣ್ಣಿನ ಬೋಗುಣಿ ಅಲ್ವೇನಪ್ಪಾ ಇದು?"

ಮೆಟ್ಟಿಲ ಪಕ್ಕ ಸರಸರ ಸದ್ದಾಯಿತು. ನಾನೇ ಗುಡ್ಡೆ ಹಾಕಿದ್ದ ಒಣಹುಲ್ಲಿನಿಂದ ಭಾವನವರು ತಲೆ ಹೊರಹಾಕಿದರು. ನನ್ನನ್ನು ನೋಡಿದರು, ಮದುವೆಯ ದಿನ ನೋಡಿದ ಹಾಗೆಯೇ. ನಾನಂತೂ ಗಳಗಳನೆ ಅತ್ತುಬಿಟ್ಟೆ!

ಭಾವನವರು ಗಡಿಬಿಡಿಯಿಲ್ಲದೆ ಲಾನಿಗೆ ಇಳಿದರು. ಹುಲ್ಲು ಉಳಿದಿದ್ದ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಗೆದಿದ್ದರಲ್ಲಿ ಅತ್ಯಂತ ಮೆತ್ತಗಿದ್ದ ಜಾಗ ಆರಿಸಿಕೊಂಡು, ಮಣ್ಣೊಳಗೆ ಇಳಿದು ಮಾಯವಾದರು.

"ಇನ್ನು ಅವನಾಗಿ ಏಳೋವರೆಗೂ ಈ ಕಡೆ ಯಾರೂ ಕಾಲಿಡಕೂಡದು!" ಮಾವನವರ ಅಪ್ಪಣೆಯಾಯಿತು. ನನ್ನವಳು ಫೋರ್ಕ್ ಕಿತ್ತುಕೊಂಡು ಕೈಗೆ ಸ್ಪ್ಯಾನರ್ ಕೊಟ್ಟಳು.

ಈಗ ಬಂದವರೆಲ್ಲ ಗೇಟಲ್ಲೇ ನಿಂತು ಕೇಳುತ್ತಾರೆ: "ಅಯ್ಯೋ, ಲಾನಿಗೇನಾಯ್ತು?" ನಾನು ಮಣ್ಣು, ಗಾಳಿ, ಬೇರು ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನವಳು ತುಟಿಗೆ ಬೆರಳಿಡುತ್ತಾಳೆ.

"ಶ್! ಮೆಲ್ಲಗೆ ಮಾತಾಡಿ. ಅಣ್ಣ ಮಲಗಿದಾನೆ. ಹಾಸಿಗೆ ನಮ್ಮ ಯಜಮಾನ್ರೇ ಹಾಸಿಕೊಟ್ಟಿದ್ದು!"