ಮಾಮಾನ ಸರ್ವರಿಗೊಂದು ಚಾದರ

ನಮ್ಮ ಸೋಲಾಪುರದ ಮಾಮಾನ ಹಾಗೆ ಉಪಚಾರ ಮಾಡುವವರು ಇಡೀ ಜಿಲ್ಲೆಯಲ್ಲಿ ಇಲ್ಲ. ಆದರೆ ಆ ಉಪಚಾರ ನಿಮಗೆ ಸಿಗಬೇಕಾದರೆ ನೀವು ಕಂಪ್ಯೂಟರ್ ಆಗಿರಬೇಕು! ಅಕ್ಕಲಕೋಟದಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದ ಸೋದರಳಿಯ ನಾನು ಬೆವರು ಒರೆಸುತ್ತ ಕೂತಿದ್ದರೆ, ಮನೆಗಿರುವ ಒಂದೇ ಕೂಲರು ಮೂಲೆಯ ಸರ್ವರ್ ಕಂಪ್ಯೂಟರಿಗೆ ಗಾಳಿ ಹಾಕುತ್ತಿರುತ್ತದೆ. ಅದರ ಮುಂದಿನ ಕುರ್ಚಿಯಲ್ಲಿ ಮಾಮಾನ ಹೊರತು ಯಾರೂ ಕೂರುವ ಹಾಗಿಲ್ಲ. ಒಮ್ಮೆ ಕೂತ ತಪ್ಪಿಗೆ ನನಗೆ ಅರ್ಧ ಗಂಟೆ ಭಾಷಣವಾಗಿತ್ತು.

ಚಾದರದ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮಾಮಾ ಈ ಸರ್ವರಿನ ಬೆನ್ನು ಹತ್ತಿದ್ದಕ್ಕೆ ಕಾರಣ ಮಾಮಿ ಬರೆದ ಒಂದು ಡಿಸೈನು. ಇಪ್ಪತ್ತೈದು ವರ್ಷದ ಹಿಂದೆ ಅಂಗಡಿಯ ಕಂಪ್ಯೂಟರಿನಲ್ಲಿ ಆಕೆ ಚಾದರಕ್ಕೆಂದು ಅದನ್ನು ಬರೆದಿದ್ದಳು. ಆ ಕಂಪ್ಯೂಟರ್ ಯಾವಾಗಲೋ ಕಣ್ಣು ಮುಚ್ಚಿತ್ತು. ಒಂದು ಸಿಡಿಯಲ್ಲಿ ಫೈಲೇನೋ ಉಳಿದಿತ್ತು, ಆದರೆ ಆ ಕಾಲದ ಕಂಪ್ಯೂಟರಿನಲ್ಲೇ ಅದು ತೆರೆಯುವುದು. ಅದಕ್ಕೆಂದೇ ಮಾಮಾ ಹೊಸದರ ಹೊಟ್ಟೆಯೊಳಗೆ ಹಳೆಯದನ್ನು ಹುಟ್ಟಿಸಲು ಹೊರಟಿದ್ದ!

"ವರ್ಚುವಲ್ ಮಷೀನ್ ಅಂತಾರ ಇದಕ್ಕ. ಮನಿಯೊಳಗ ಇನ್ನೊಂದ ಮನಿ ಕಟ್ಟಿದಂಗ," ಎಂದು ಹಾಲಿನವನಿಗೂ ವಿವರಿಸಿದ್ದ.

"ಫೈಲ್ ತೆರಿಲಿಲ್ಲಂದ್ರ?" ಎಂದು ನಾನು ಕೇಳಿದೆ.

"ನಿಮ್ಮ ಮಾಮಿ ಬರದದ್ದು ಹೋತು. ಕಾಗದದಾಗ ಇದ್ದದ್ದ ಗೆದ್ದಲ ತಿಂದಾವ," ಎಂದ. ಆ ಒಂದು ಮಾತನ್ನು ಮಾತ್ರ ನಗದೆ ಹೇಳಿದ.

ಮೊದಲ ತಕರಾರೆಂದರೆ ಸರ್ವರು ಅರ್ಧ ಗಂಟೆಗೊಮ್ಮೆ ತಾನೇ ಆರಿಹೋಗುವುದು. ಮಾಮಾ ಕರೆಂಟನ್ನು ಬೈದ. ಪಕ್ಕದ ಮನೆಯವರ ಮಿಕ್ಸರನ್ನೂ ಬೈದ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರನೆಂಬ ಕಾರಣಕ್ಕೆ ನನಗೆ ಕರೆ ಬಂತು. ಬಂದು ನೋಡಿದರೆ ಸರ್ವರಿನ ಮೈತುಂಬ ಎರಡು ಮಡಿಕೆಯ ದಪ್ಪ ಚಾದರ!

"ಮಾಮಾ, ಇದೇನ್ರಿ?"

"ಧೂಳ ಬೀಳತದೋ!"

"ಮುಂದ ಕೂಲರ್ ಇಟ್ಟೀರಿ, ಮ್ಯಾಲ ಚಾದರ ಹೊಚ್ಚೀರಿ!"

"ಕೂಲರ್ ಹಚ್ಚಿದ ಮ್ಯಾಲ ಥಂಡಿ ಆಗಂಗಿಲ್ಲೇನು?"

ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರವಿದೆ, ನೀವೇ ಹೇಳಿ! ಚಾದರ ತೆಗೆದೆ, ಸರ್ವರು ಆರುವುದನ್ನು ನಿಲ್ಲಿಸಿತು. ಮಾಮಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಮೂರನೆಯ ದಿನ ಎರಡನೆಯ ತಕರಾರು. ಸರ್ವರಿನ ಒಳಗಿನ ಹಳೆಯ ಕಂಪ್ಯೂಟರನ್ನು ಶುರು ಮಾಡಿದರೆ ಸಾಕು, ಇಡೀ ಸರ್ವರೇ ಕಲ್ಲಾಗಿ ನಿಲ್ಲುತ್ತಿತ್ತು. ಸೆಟ್ಟಿಂಗು ತೆಗೆದು ನೋಡಿದೆ. ಸರ್ವರಿನಲ್ಲಿದ್ದ ಮೆಮೊರಿ ಎಂಟು ಜಿಬಿ. ಮಾಮಾ ಒಳಗಿನವನಿಗೆ ಕೊಟ್ಟದ್ದೂ ಎಂಟು ಜಿಬಿ!

"ಎಲ್ಲಾ ಕೊಟ್ಟೀರಲ್ರಿ!"

"ಮನಿಗಿ ಬಂದ ಪಾವಣ್ಯಾರಿಗೆ ಕಡಿಮಿ ಬಡಸೋದು ನಮ್ಮ ಮನಿತನದಾಗ ಇಲ್ಲ!"

ಭಕ್ರಿ, ಶೇಂಗಾ ಚಟ್ನಿಯ ತಾಟು ತಂದ ಮಾಮಿ ಬಾಗಿಲಲ್ಲೇ ನಿಂತಳು. "ಎಲ್ಲಾ ಪಾವಣ್ಯಾರಿಗೇ ಬಡಿಸಿ ಮನಿಯವ್ರು ಉಪಾಸ ಬಿದ್ರ, ನಾಳಿಗಿ ಅಡಗಿ ಯಾರ ಮಾಡ್ತಾರ್ರಿ? ಅದರಾಗ ಅಂವ ಹಳೇ ಕಾಲದಾಂವ. ಅರ್ಧ ಭಕ್ರಿ ತಿಂದ ಮಕ್ಕೊಂತಾನ."

ಹದಿನೈದು ದಿನ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡ ಮಾಮಾ ಬಾಯಿ ತೆರೆದು ಹೆಂಡತಿಯನ್ನೇ ನೋಡಿದ. ಆಮೇಲೆ ತೆಪ್ಪಗೆ ಅರ್ಧ ಜಿಬಿ ಎಂದು ಬರೆದ. ಹಳೆಯ ಕಂಪ್ಯೂಟರ್ ಎದ್ದು ಕೂತಿತು! ಡಿಸೈನಿನ ಪ್ರೋಗ್ರಾಮು ತೆರೆಯಿತು, ಮಾಮಿಯ ಫೈಲೂ ತೆರೆಯಿತು. ಸಾಲು ಸಾಲಾಗಿ ಹುಣಸೆಯ ಹೂಗಳು ಪರದೆ ತುಂಬ ಅರಳಿದವು.

"ಮಾಮಿ, ಇಂಥಾ ಚಾದರ ನಾ ಎಲ್ಲೂ ನೋಡಿಲ್ಲ!"

"ನೇಯ್ದಿದ್ರ ನೋಡ್ತಿದ್ದಿ," ಎಂದು ಮಾಮಿ ನಕ್ಕಳು. "ಸೋಲಾಪುರದಾಗ ನವಿಲಿಲ್ಲದ ಚಾದರ ಯಾರ ತಗೊಂತಾರಂತ ಇವರೇ ಬಾಜೂಕ ಇಟ್ಟಿದ್ರು."

ಮಾಮಾ ಎದ್ದು, ಹೆಗಲ ಮೇಲಿನ ಟವೆಲಿನಿಂದ ತನ್ನ ಕುರ್ಚಿಯನ್ನು ಒರೆಸಿದ.

"ಆವತ್ತ ನಂದ ತಪ್ಪಾತು. ಈ ಸಲ ನೇಯಸೋಣು. ಬಾ, ಕುಂಡ್ರು."

ಮಾಮಿ ಸೆರಗಿಗೆ ಕೈ ಒರೆಸಿಕೊಂಡು ಆ ಕುರ್ಚಿಯಲ್ಲಿ ಕೂತಳು, ಚಷ್ಮಾ ಏರಿಸಿ ಪರದೆಯ ಹತ್ತಿರ ಬಾಗಿದಳು.

"ಈ ಮೂಲ್ಯಾಗ ಒಂದ ಹೂ ಕಡಿಮಿ ಐತ್ರಿ," ಎಂದಳು.

"ಸಾವಕಾಶ ಮಾಡು," ಎಂದ ಮಾಮಾ ಸರ್ವರಿನ ಕಡೆಗಿದ್ದ ಕೂಲರನ್ನು ಮಾಮಿಯ ಕಡೆಗೆ ತಿರುಗಿಸಿದ.