ಅಳಿಯಂದ್ರಿಗೆ ಹೇಳವ್ವ, ಅದು ಬೆಲ್ಟಲ್ಲ

ನನ್ನ ಅತ್ತೆಗೆ ನನ್ನ ಮಾತಿಗಿಂತ ನನ್ನ ಕಾರಿನ ಮಾತೇ ಚೆನ್ನಾಗಿ ಅರ್ಥವಾಗುತ್ತಿತ್ತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ!

ಮದುವೆಯಾದಾಗಿನಿಂದ ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವರು ನನ್ನೆದುರು ನಿಂತು ಮಾತಾಡಿದವರಲ್ಲ. ಅಳಿಯನ ಮುಖ ನೋಡಿ ಮಾತಾಡುವುದು ಅವರ ಊರ ಕಡೆ ಮರ್ಯಾದೆಯಲ್ಲವಂತೆ. ಹಾಗಾಗಿ ನಾಗಸಂದ್ರದ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುತ್ತಿದ್ದರು: "ಅಳಿಯಂದ್ರಿಗೆ ಹೇಳವ್ವ, ಸಾರು ಆರೋಯ್ತದೆ ಅಂತ." ನಾನು ನಾಲ್ಕು ಹೆಜ್ಜೆ ದೂರದಲ್ಲೇ ತಟ್ಟೆ ಮುಂದೆ ಕೂತಿರುತ್ತಿದ್ದೆ. ನಾನೇನು ಕಿವುಡನೇ? ಆದರೂ ನನ್ನ ಹೆಂಡತಿ ಅದನ್ನೇ ಮತ್ತೆ ಹೇಳಬೇಕು, "ಆಗಲಿ ಅಂತ ಹೇಳು" ಅಂತ ನಾನು ಅನ್ನಬೇಕು, ಅವಳು ಅದನ್ನು ಒಳಗೆ ಮುಟ್ಟಿಸಬೇಕು. ಅಷ್ಟರಲ್ಲಿ ಸಾರು ನಿಜಕ್ಕೂ ಆರಿರುತ್ತಿತ್ತು.

ಅತ್ತೆಗೆ ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಕೆಲಸ. ಮಾವ ತೀರಿಕೊಂಡ ವರ್ಷ ಸೇರಿದವರು. ತಯಾರಾಗಿ ಬಂದ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಗೆ ಹಿಡಿದು, ಒಳಗಿನ ಗುಂಡುಗಳು ಸರಿಯಾಗಿ ಉರುಳುತ್ತಿವೆಯೇ ಎಂದು ಕೇಳಿ ಹೇಳುವುದು. ಇಪ್ಪತ್ತೆರಡು ವರ್ಷ ಬೆಳಗಿನಿಂದ ಸಂಜೆವರೆಗೆ ಇದೇ! ಕಾರ್ಖಾನೆ ಮುಗಿದ ಮೇಲಾದರೂ ಸುಮ್ಮನಿರಬೇಕೋ ಬೇಡವೋ? ಲೋಕದಲ್ಲಿ ತಿರುಗುವ ವಸ್ತುವೆಲ್ಲ ತಮ್ಮ ತಪಾಸಣೆಗೇ ಬಂದಿದೆ ಎಂದು ಅವರು ತಿಳಿದುಬಿಟ್ಟಿದ್ದರು.

ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಹೋದವರು ಮಾಲೀಕನಿಗೆ, "ನಿನ್ ಮಿಷನ್ನು ಎಂಟು ದಿನ ಬರ್ತದೆ ಅಷ್ಟೆ ಕಣಪ್ಪ" ಅಂದರು. ಆತ ನಕ್ಕ. ಅದು ಆರನೆಯ ದಿನಕ್ಕೇ ಕೈಕೊಟ್ಟಿತು. ಅಲ್ಲಿಂದಾಚೆ ಗಿರಣಿಯಲ್ಲಿ ಎಷ್ಟೇ ಸಾಲಿದ್ದರೂ ನಮ್ಮ ಡಬ್ಬವೇ ಮೊದಲು. ಒಂದು ಮದುವೆಯ ಊಟದ ಮನೆಯಲ್ಲಿ ತಲೆಯೆತ್ತಿ ಫ್ಯಾನಿನ ಸದ್ದು ಕೇಳಿ, ನಮ್ಮ ಕಡೆಯವರನ್ನೆಲ್ಲ ಎಬ್ಬಿಸಿ ಬೇರೆ ಸಾಲಿಗೆ ಕೂರಿಸಿದರು. ಎಂಥ ಅವಮಾನ! ಆ ಖಾಲಿ ಸಾಲಿಗೆ ಬೀಗರು ಬಂದು ಕೂತರು. ಪಾಯಸ ಬರುವ ಹೊತ್ತಿಗೆ ಅವರ ಫ್ಯಾನು ನಿಂತು, ಎಲೆಗಿಂತ ಹೆಚ್ಚಾಗಿ ಅವರು ಹಣೆ ಒರೆಸಿಕೊಳ್ಳುತ್ತಿದ್ದರು.

ಇಂಥವರಿರುವ ಮನೆಗೆ ನಾನು ಕೈಯಿಂದ ಕೈಗೆ ದಾಟಿ ಬಂದ ಒಂದು ಹಳೇ ಕಾರು ತಂದೆ. ತಂದದ್ದಕ್ಕೆ ಕಾರಣವಿತ್ತು. ಆ ವರ್ಷ ಅತ್ತೆಗೆ ನಿವೃತ್ತಿ. ಇಪ್ಪತ್ತೆರಡು ವರ್ಷ ಊಟದ ಡಬ್ಬ ಹಿಡಿದು ನಡೆದೇ ಗೇಟು ದಾಟಿದ ಹೆಂಗಸು, ಕೊನೆಯ ದಿನವಾದರೂ ಕಾರಿನಲ್ಲಿ ಒಳಗೆ ಹೋಗಬೇಕು ಎಂದು ನಾನು ಹಟ ತೊಟ್ಟಿದ್ದೆ. "ಶನಿವಾರ ಕಾರಲ್ಲೇ ಬಿಡ್ತೀನಿ ಅಂತ ನಿಮ್ಮಮ್ಮನಿಗೆ ಹೇಳು" ಎಂದು ಹೆಂಡತಿಗೆ ಹೇಳಿಯೂ ಆಗಿತ್ತು. ಅತ್ತೆ ಆ ಸಂಜೆಯೇ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದ್ದರು.

ಅದಾದ ಮಾರನೆಯ ದಿನದಿಂದಲೇ ಕಾರು ಕಿರುಚಲು ಶುರುಮಾಡಿತು! ಸ್ಟಾರ್ಟ್ ಮಾಡಿದರೆ ಕಿಯ್ಯೋ ಎನ್ನುವುದು, ಲೈಟ್ ಹಾಕಿದರೆ ಇನ್ನೂ ಜೋರು. ಬೀದಿನಾಯಿಗಳು ದನಿಗೂಡಿಸುತ್ತಿದ್ದವು. ತುಮಕೂರು ರಸ್ತೆಯ ಮೆಕ್ಯಾನಿಕ್ ಬಾನೆಟ್ ಎತ್ತಿ, "ಬೆಲ್ಟು ಸಾರ್" ಅಂದು ಹೊಸದು ಹಾಕಿದ. ಎರಡು ದಿನ ಸುಮ್ಮನಿದ್ದು ಮತ್ತೆ ಕಿಯ್ಯೋ. ಇನ್ನೊಂದು ಬೆಲ್ಟು ಹಾಕಿ ಬಿಗಿಮಾಡಿದ. ಬಟ್ಟೆ ಸೋಪನ್ನೂ ಉಜ್ಜಿದ. ಸೋಪು ಸವೆಯಿತು, ಸದ್ದು ಸವೆಯಲಿಲ್ಲ.

"ಅಳಿಯಂದ್ರಿಗೆ ಹೇಳವ್ವ, ಅದು ಬೆಲ್ಟಲ್ಲ ಅಂತ," ಎಂದಿತು ಬಾಗಿಲು.

ನನಗೆ ಸಿಟ್ಟು ಬಂತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ! ಎಂಜಿನ್ನಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಪಾಸಾದವನು! "ನಾನು ಡಿಪ್ಲೊಮಾ ಮಾಡಿದೋನು ಅಂತ ಹೇಳು ನಿಮ್ಮಮ್ಮನಿಗೆ!"

"ಸರ್ಟಿಫಿಕೇಟು ಗೋಡೆ ಮ್ಯಾಲದೆ, ಕಾರು ಬೀದೀಲಿ ಕಿರುಚ್ತಾ ಅದೆ. ಅಂಗಂತ ಹೇಳವ್ವ."

ನನ್ನ ಹೆಂಡತಿ ಇದನ್ನು ಮುಟ್ಟಿಸಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ನಾನು ಹಟಕ್ಕೆ ಬಿದ್ದು ಗುರುವಾರ ಮೂರನೆಯ ಬೆಲ್ಟು ಹಾಕಿಸಿದೆ.

ಶುಕ್ರವಾರ ಬೆಳಿಗ್ಗೆ ಕಾರು ಕಿರುಚಲೂ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿತ್ತು. ಶನಿವಾರಕ್ಕೆ ಒಂದೇ ದಿನ! ಸ್ಕೂಟರಿನಲ್ಲಿ ಹೋಗಿ ಮೆಕ್ಯಾನಿಕ್‌ನನ್ನು ಅವನ ಬ್ಯಾಟರಿ ಸಮೇತ ಎಳೆದು ತಂದೆ. ಆಗ ಅತ್ತೆ ಕಬ್ಬಿಣದ ಊದುಗೊಳವೆ ಹಿಡಿದು ಹೊರಗೆ ಬಂದರು. ನನ್ನ ಕಡೆ ನೋಡಲಿಲ್ಲ. ಬಿಚ್ಚಿ ಕಾರಿನ ಡಿಕ್ಕಿಗೆ ಎಸೆದಿದ್ದ ಹಳೇ ಬೆಲ್ಟುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು.

"ಎಲ್ಲಾ ಒಂದೇ ಮಗ್ಗುಲು ಸವೆದವೆ. ಚಪ್ಪಲಿ ಯಾವಾಗ್ಲೂ ಒಂದೇ ಕಡೆ ಸವೆದ್ರೆ ತಪ್ಪು ಚಪ್ಪಲೀದಾ, ಕಾಲಿಂದಾ? ಕೇಳವ್ವ."

ಡಿಪ್ಲೊಮಾ ಬಗ್ಗಿ ಬೆಲ್ಟುಗಳನ್ನು ನೋಡಿತು. ಅತ್ತೆಯ ಮಾತಿನಂತೆ ಮೆಕ್ಯಾನಿಕ್ ಬೆಲ್ಟು ಬಿಚ್ಚಿ ಎಂಜಿನ್ ಸ್ಟಾರ್ಟ್ ಮಾಡಿದ. ಸದ್ದಿಲ್ಲ! "ನೋಡಿದ್ರಾ, ಬೆಲ್ಟೇ!" ಎಂದು ಬೀಗಿದ. "ತಡಿಯಪ್ಪ," ಎಂದು ಅತ್ತೆ ಎಂಜಿನ್ ಆಫ್ ಮಾಡಿಸಿದರು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿಗೆ ಕೊಳವೆಯ ಒಂದು ತುದಿ ಇಟ್ಟು, ಇನ್ನೊಂದಕ್ಕೆ ಕಿವಿಗೊಟ್ಟು, ಬೆಲ್ಟು ಕೂರುವ ಅದರ ಪುಲ್ಲಿಯನ್ನು ಕೈಯಲ್ಲೇ ತಿರುಗಿಸಲು ಅವನಿಗೆ ಹೇಳಿದರು. ಆಮೇಲೆ ಕೊಳವೆ ಮಗಳ ಕೈಗೆ ಹೋಯಿತು, ಅವಳಿಂದ ನನ್ನ ಕೈಗೆ. ಅನ್ನದಲ್ಲಿ ಕಲ್ಲು ಅಗಿದ ಸದ್ದು! ಪುಲ್ಲಿಯನ್ನು ಅಲ್ಲಾಡಿಸಿ ನೋಡಿದರೆ ಬೀಳುವ ಹಲ್ಲಿನ ಹಾಗೆ ಅಲುಗುತ್ತಿತ್ತು. ಒಳಗಿನ ಬೇರಿಂಗು ಸವೆದು ಪುಲ್ಲಿ ಸಿಕ್ಕಿಕೊಂಡು ವಾರೆಯಾಗಿ ತಿರುಗುತ್ತಿತ್ತು. ಅದಕ್ಕೇ ಬೆಲ್ಟು ಜಾರುತ್ತಿತ್ತು, ಕಿರುಚುತ್ತಿತ್ತು, ಬ್ಯಾಟರಿಯೂ ತುಂಬುತ್ತಿರಲಿಲ್ಲ.

"ಬಿಗಿ ಮಾಡಿ ಮಾಡಿ ಆ ಬೇರಿಂಗಿನ ಜೀವ ತೆಗ್ದಿದೀಯಲ್ಲಪ್ಪ!" ಎಂದು ಅತ್ತೆ ಮೆಕ್ಯಾನಿಕ್‌ನಿಗೆ ಮುಖಕ್ಕೆ ಮುಖ ಕೊಟ್ಟು ಬೈದರು. ಸತ್ಯ ಹೇಳಲೇ? ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಅವನೋ, ಬೇರಿಂಗ್ ಬದಲಿಸಿದ ಮೇಲೆ ಕೈ ಒರೆಸಿಕೊಳ್ಳುತ್ತಾ, "ಅಮ್ಮಾ, ನಾಳೆ ರಿಟೈರ್ ಆಗ್ತೀರಂತೆ, ನಮ್ ಗ್ಯಾರೇಜಿಗೆ ಬಂದ್ಬಿಡಿ" ಅಂದ. ಅತ್ತೆ ನಕ್ಕುಬಿಟ್ಟರು.

ಶನಿವಾರ ಬೆಳಗಿನ ಪಾಳಿಗೆ ಹೊರಟವರು ನಾವಿಬ್ಬರೇ, ಹೆಂಡತಿ ಮಧ್ಯಾಹ್ನದ ಸಮಾರಂಭಕ್ಕೆ ಬರುವವಳು. ಮಾತು ಮುಟ್ಟಿಸಲು ಯಾರೂ ಇಲ್ಲ! ರೇಷ್ಮೆ ಸೀರೆಯುಟ್ಟು ಹಿಂದೆ ಕೂತ ಅತ್ತೆ ಸ್ವಲ್ಪ ದೂರ ತಡೆದುಕೊಂಡರು. ಆಮೇಲೆ ಮುಂದೆ ಅಂಟಿಸಿದ್ದ ಪುಟ್ಟ ಗಣಪನಿಗೆ ಹೇಳಿದರು: "ಗಣಪ್ಪಾ, ಎರಡನೇ ಗೇರಲ್ಲೇ ಎಷ್ಟ್ ದೂರ ಓಗ್ತಾರೆ ಕೇಳಪ್ಪ."

"ಗಣಪ್ಪಾ, ಮುಂದೆ ಲಾರಿ ಇದೆ ಅಂತ ಹೇಳಪ್ಪ," ಅಂದೆ ನಾನು.

ಕಾರ್ಖಾನೆಯ ಕಾವಲುಗಾರ ಕಾರು ಕಂಡು ದೊಡ್ಡ ಗೇಟು ತೆರೆದ. ಒಳಗಿರುವುದು ಯಾರೆಂದು ತಿಳಿದಾಗ ಸೆಲ್ಯೂಟನ್ನೂ ಹೊಡೆದ. ಅತ್ತೆ ಇಳಿದು, ಸೀರೆ ಸರಿಮಾಡಿಕೊಂಡು, ಡ್ರೈವರ್ ಬಾಗಿಲ ಹತ್ತಿರ ಬಂದು ನಿಂತರು.

"ಬಾ ಮಗಾ. ನಾನು ಕೂತ್ಕೊಳ್ಳೋ ಜಾಗ ನೋಡುವಂತೆ ಬಾ."

ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ.

ಕಿಟಕಿಯ ಪಕ್ಕ ಒಂದು ಮರದ ಸ್ಟೂಲು, ಒಂದು ಮೇಜು. ಇಷ್ಟು ಜಾಗದಲ್ಲಿ ಕೂತು ಈಕೆ ಮಗಳನ್ನು ಓದಿಸಿದ್ದರು, ಮದುವೆ ಮಾಡಿದ್ದರು. ಹೊಸ ಬೇರಿಂಗೊಂದನ್ನು ತಿರುಗಿಸಿ ನನ್ನ ಕಿವಿಗೆ ಹಿಡಿದು, "ಏನ್ ಕೇಳಿಸ್ತದೆ?" ಅಂದರು.

"ಏನೂ ಇಲ್ಲ, ಅತ್ತೆ."

"ಒಳ್ಳೇದಾಗಿದ್ರೆ ಅಂಗೇ ಕಣಪ್ಪ."

ಪಕ್ಕದ ಮೇಜಿನ ಹೆಂಗಸರು ಯಾರಿವರು ಎಂದು ಕೇಳಿದರು. "ನನ್ ಮಗ," ಅಂದರು. ಆ ಹೊತ್ತು ನನಗಾದ ಹೆಮ್ಮೆ ಡಿಪ್ಲೊಮಾ ಬಂದ ದಿನವೂ ಆಗಿರಲಿಲ್ಲ. ಸೈರನ್ ಕೂಗಿತು. ಅತ್ತೆ ಸೆರಗು ಸಿಕ್ಕಿಸಿ ಸ್ಟೂಲಿನ ಮೇಲೆ ಕೂತು, ಕೊನೆಯ ದಿನದ ಕೆಲಸ ಎತ್ತಿಕೊಂಡರು.

"ಮಧ್ಯಾನ ಬೇಗ ಬಾ ಮಗಾ," ಅಂದರು, ನನ್ನ ಮುಖವನ್ನೇ ನೋಡಿ.

"ಆಗಲಿ ಅತ್ತೆ," ಅಂದೆ ನಾನು. ಈ ಸಲ "ಅಂತ ಹೇಳು" ಬೇಕಾಗಲಿಲ್ಲ.